ಅಪ್ಪ ಕಲಿಸಿದ ಗ್ರೀಸ್ ದೇಶದ ಹೆಜ್ಜೆ

ನಾನು ಕನ್ನಡ ಪಾಠ ಹೇಳುವ ರೋಣದ ಶಾಲೆಯಲ್ಲಿ ಆ ವರ್ಷದ ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡು ಬೇಡವೆಂದು ಮುಖ್ಯೋಪಾಧ್ಯಾಯಿನಿ ಹಟ ಹಿಡಿದರು. ಜಗತ್ತಿನ ಜನಪದ ಕುಣಿತಗಳೇ ಆಗಬೇಕು, ಒಂದೊಂದು ತರಗತಿಗೆ ಒಂದೊಂದು ದೇಶ. ಚೀಟಿ ಎತ್ತಿದೆವು. ಏಳನೆಯ ತರಗತಿಗೆ ಫಿಲಿಪೀನ್ಸಿನ ಬಿದಿರು ಕುಣಿತ ಬಂತು. ನನ್ನ ಎಂಟನೆಯ ತರಗತಿಯ ಹುಡುಗಿಯರಿಗೆ ಗ್ರೀಸ್.

ವಿಡಿಯೋ ತೆಗೆದು ನೋಡಿದೆ. ಗಂಡಸರು, ಹೆಂಗಸರು ಕೈ ಕೈ ಹಿಡಿದು ಸಾಲಾಗಿ ನಿಂತು, ಬಾಗಿದ ಸಾಲಿನಲ್ಲೇ ಮೆಲ್ಲಗೆ ಬಲಕ್ಕೆ ಸರಿಯುತ್ತಿದ್ದರು. ನೋಡಲು ಸುಲಭ. ಮಾಡಲು ಹೋದರೆ ಕಾಲಿಗೆ ಕಾಲು ತೊಡರುತ್ತಿತ್ತು. ಹುಡುಗಿಯರು ಒಬ್ಬರ ಪಾದ ಒಬ್ಬರು ತುಳಿದು ನಕ್ಕೂ ನಕ್ಕೂ ಸುಸ್ತಾದರು. ಒಂದು ವಾರ ಹೀಗೇ ಹೋಯಿತು.

ಭಾನುವಾರ ಗಜೇಂದ್ರಗಡಕ್ಕೆ, ತವರಿಗೆ ಹೋದೆ. ನಮ್ಮದು ನೇಕಾರರ ಮನೆ. ಅಪ್ಪ ಈಗಲೂ ಮುಂಜಾನೆಯ ತಂಪಿನಲ್ಲಿ ನೆಲದ ಗುಂಡಿಯಲ್ಲಿ ಹೂಡಿದ ಕುಣಿಮಗ್ಗಕ್ಕೆ ಇಳಿದು ಪಟ್ಟೇದಂಚಿನ ಸೀರೆ ನೇಯುತ್ತಾನೆ. ಅದರ ಜೊತೆಗೆ ಓಣಿಯ ಹೆಜ್ಜೆ ಮೇಳಕ್ಕೆ ಅವನೇ ಮುಂದಾಳು. ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಬಣ್ಣದ ವಸ್ತ್ರ ಹಿಡಿದು, ಹಾಡಿಗೆ ತಕ್ಕಂತೆ ಗಂಡಸರು ಸುತ್ತಾಗಿ ಹೆಜ್ಜೆ ಹಾಕುವ ಕುಣಿತ ಅದು. ಶ್ರಾವಣ ಬಂತೆಂದರೆ ಗುಡಿಯ ಅಂಗಳದಲ್ಲಿ ದಿನಾ ಸಂಜೆ ತಾಲೀಮು.

ಹತ್ತು ವರ್ಷದವಳಿದ್ದಾಗ ನಾನು ಆ ತಾಲೀಮು ನೋಡಲು ತಪ್ಪದೆ ಹೋಗುತ್ತಿದ್ದೆ. ಒಂದು ಸಂಜೆ ಯಾರೋ ಬಿಚ್ಚಿಟ್ಟ ಗೆಜ್ಜೆ ಕಟ್ಟಿಕೊಂಡು, ಸುತ್ತಿನ ಹಿಂದೆ ನಿಂತು, ಅವರ ಜೊತೆಗೇ ಹೆಜ್ಜೆ ಹಾಕಿದೆ. ಹಾಡು ಮುಗಿಯುವತನಕ ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ. ಅಪ್ಪ ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಗಂಟು ಬಿಚ್ಚಿ ಗೆಜ್ಜೆ ತೆಗೆದುಕೊಂಡ.

"ಇದು ಗಂಡಸರ ಆಟ ಮಗಳ. ಹೆಣ್ಮಕ್ಕಳು ಇದನ್ನ ಆಡಂಗಿಲ್ಲ" ಎಂದ.

ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಅತ್ತು ಮರೆಯುತ್ತಿದ್ದೆನೇನೋ. ಆಮೇಲೆ ನಾನು ತಾಲೀಮಿಗೆ ಹೋಗುವುದನ್ನು ಬಿಟ್ಟೆ. ಶಾಲೆಯ ಕೋಲಾಟಕ್ಕೂ ಸೇರಲಿಲ್ಲ. ಅಪ್ಪ ಯಾಕೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಭಾನುವಾರ ಊಟವಾದ ಮೇಲೆ ಹುಡುಗಿಯರ ಫಜೀತಿ ಹೇಳಿ, ಆ ವಿಡಿಯೋ ಹಚ್ಚಿ ಮೊಬೈಲು ಅವನ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ನೋಡತೊಡಗಿದ.

"ಯಾವ ಊರಿನವರು ಇವರು?"

"ಗ್ರೀಸ್ ದೇಶದವರಪ್ಪಾ. ಭಾಳ ದೂರ."

"ಚಲೋ ಹಾಕ್ತಾರ. ನೋಡಿಲ್ಲೆ, ಒಂದು ಉದ್ದ ಹೆಜ್ಜಿ, ಎರಡು ಗಿಡ್ಡ ಹೆಜ್ಜಿ. ಮತ್ತ ಒಂದು ಉದ್ದ, ಎರಡು ಗಿಡ್ಡ. ನೀ ಮೂರೂ ಒಂದ ಸಮ ಹಾಕಾಕತ್ತಿದ್ದಿ ಕಾಣ್ತೈತಿ, ಅದಕ್ಕ ಹುಡುಗ್ಯಾರ ಕಾಲು ತೊಡಕಾಕತ್ತಾವು."

ಒಂದು ವಾರ ನಾವು ಹೆಣಗಿದ್ದನ್ನು ಅವನು ಕೂತಲ್ಲೇ ಹಿಡಿದಿದ್ದ. ಮತ್ತೆ ನೋಡಿದ. ಈ ಸಲ ಅವನ ಕಣ್ಣು ಬೇರೆ ಕಡೆ ಇತ್ತು.

"ಮುಂದ ನಿಂತು ಹೆಜ್ಜಿ ಹಾಕಸಾಕಿ ಹೆಣ್ಮಗಳಲ್ಲೇನು?"

"ಹೌದು."

"ಗಂಡಸರೂ ಆಕಿ ಹಿಂದ ಅದಾರ?"

"ಅದಾರ."

ಒಳಗೆ ಪಾತ್ರೆ ತೊಳೆಯುತ್ತಿದ್ದ ಅವ್ವ, "ಆ ಊರಾಗ ಹೆಣ್ಮಕ್ಕಳಿಗೂ ಕಾಲು ಅದಾವಂತ ಕಾಣ್ತೈತಿ ಬಿಡ್ರಿ" ಎಂದಳು. ಅಪ್ಪ ಮೊಬೈಲು ಪಕ್ಕಕ್ಕಿಟ್ಟ. ಎದ್ದು ನಿಂತು ಧೋತರದ ಚುಂಗು ಸಿಕ್ಕಿಸಿಕೊಂಡು ನನ್ನ ಕಡೆ ಕೈ ಚಾಚಿದ. ಪಡಸಾಲೆಯ ಆ ಗೋಡೆಯಿಂದ ಈ ಗೋಡೆಯವರೆಗೆ ಇಬ್ಬರೂ ಹೆಜ್ಜೆ ಹಾಕಿದೆವು. ಅವನ ಎಡ ಮೊಳಕಾಲು ಆಗಾಗ ಚಟ್ಟೆನ್ನುತ್ತಿತ್ತು. ನೂಲು ಎಳೆದೆಳೆದು ಒರಟಾದ ಬೆರಳುಗಳು ನನ್ನ ಬೆರಳುಗಳನ್ನು ಒಡೆದುಹೋಗುವ ವಸ್ತುವನ್ನು ಹಿಡಿದಂತೆ ಮೆಲ್ಲಗೆ ಹಿಡಿದಿದ್ದವು.

ಮುಂದಿನ ಎರಡು ಶನಿವಾರ ಅಪ್ಪ ಬಸ್ಸು ಹತ್ತಿ ರೋಣಕ್ಕೆ ಬಂದ. ಹುಡುಗಿಯರು ಮೊದಲು ನಾಚಿದರು, ಆಮೇಲೆ ಅವನನ್ನು ಬಿಡಲಿಲ್ಲ. "ಅಜ್ಜಾರ, ಇದು ಗ್ರೀಸಿಂದರಿ ಏನ್ ಗಜೇಂದ್ರಗಡದ್ದರಿ?" ಎಂದು ಒಬ್ಬಳು ಕೇಳಿದಳು. "ಹೆಜ್ಜಿ ಅವರದು, ಬೈಗಳ ನಂದು. ಲಗೂ ನಿಂದ್ರು ಬಾ" ಎಂದ ಅಪ್ಪ.

ಎರಡನೆಯ ಶನಿವಾರ ಅವನನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದೆ. ಬಸ್ಸು ಇನ್ನೂ ಬಂದಿರಲಿಲ್ಲ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತ ಅವನೇ ಮಾತು ತೆಗೆದ.

"ಸಣ್ಣಾಕಿ ಇದ್ದಾಗ ನಿನ್ನ ಕಾಲಿನ ಗೆಜ್ಜಿ ಬಿಚ್ಚಿದ್ದೆ. ನೆನಪೈತೇನು?"

"ಐತಿ."

"ಹೆಜ್ಜಿ ತಪ್ಪಿತ್ತಂತ ಬಿಚ್ಚಲಿಲ್ಲ. ಅವತ್ತ ನಾ ಹಾಡು ಮುಗಿಯೋತನಾ ನೋಡಿದ್ದೆ. ಮ್ಯಾಳದಾಗಿನ ಗಂಡಸರಿಗಿಂತ ಚಲೋ ಹಾಕಿದ್ದಿ. ಮಂದಿ ಏನರ ಅಂದಾರು ಅಂತ ಅಂಜಿದೆ, ಅಷ್ಟ. ಖರೇ ಹೇಳಬೇಕಂದ್ರ ಅವತ್ತಿಂದ ಮನಸ್ಸಿನ್ಯಾಗ ಕೊರೀತಿತ್ತು."

"ಚಹಾ ಆರತೈತಿ, ಕುಡಿ ಅಪ್ಪಾ" ಎಂದೆ. ಅಷ್ಟರಲ್ಲಿ ಬಸ್ಸು ಬಂತು. ಅದು ತಿರುವು ದಾಟಿದ ಮೇಲೆ ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡು ಮನೆಗೆ ನಡೆದೆ.

ವಾರ್ಷಿಕೋತ್ಸವದ ದಿನ ಅಪ್ಪನೂ ಬಂದು ನನ್ನ ಪಕ್ಕ ಕೂತಿದ್ದ. ಹುಡುಗಿಯರು ಒಂದೂ ಹೆಜ್ಜೆ ತಪ್ಪಲಿಲ್ಲ. ಕುಣಿತ ಮುಗಿಯುವ ಹೊತ್ತಿಗೆ, ಆ ದೇಶದಲ್ಲಿ ನೋಡುವವರನ್ನೂ ಎಳೆದುಕೊಳ್ಳುತ್ತಾರೆಂದು ನಾನೇ ಹೇಳಿದ್ದಕ್ಕೋ ಏನೋ, ವೇದಿಕೆ ಇಳಿದು ಬಂದು ಅಪ್ಪನನ್ನೂ ನನ್ನನ್ನೂ ಎಬ್ಬಿಸಿದರು. ಅಪ್ಪನನ್ನು ಸಾಲಿನ ಮುಂದೆ ನಿಲ್ಲಿಸಿದರು. ಅವನು ಒಂದು ಗಳಿಗೆ ನಿಂತ. ಆಮೇಲೆ ಪಕ್ಕಕ್ಕೆ ಸರಿದು ನನ್ನ ಕೈ ಹಿಡಿದು ಮುಂದಕ್ಕೆ ತಂದ.

"ನೀ ಮುಂದ ನಿಂದ್ರು. ನಾ ಹಿಂದ ಬರ್ತೀನಿ."

ಅಷ್ಟು ಜನರೆದುರು ಸೆರಗು ಸಿಕ್ಕಿಸಿಕೊಂಡೆ. ಮೊದಲ ಉದ್ದ ಹೆಜ್ಜೆ ಇಟ್ಟೆ. ಆಮೇಲೆ ಎರಡು ಗಿಡ್ಡ ಹೆಜ್ಜೆ. ಹಿಂದಿನಿಂದ ಅಪ್ಪ ಸಣ್ಣ ದನಿಯಲ್ಲಿ "ಹಾಂ, ಹಂಗ, ಹಂಗ" ಎನ್ನುತ್ತಲೇ ಇದ್ದ.

ಮರುವರ್ಷ ಶ್ರಾವಣದಲ್ಲಿ ಅಪ್ಪ ತನ್ನ ಮೇಳಕ್ಕೆ ಓಣಿಯ ನಾಲ್ಕು ಹುಡುಗಿಯರನ್ನು ಸೇರಿಸಿಕೊಂಡ. ಹಳೆಯ ಗಂಡಸರಿಬ್ಬರು ಮುನಿಸಿಕೊಂಡು ಬಿಟ್ಟು ಹೋದರು. ಒಬ್ಬರು ಹದಿನೈದು ದಿನಕ್ಕೆ ತಿರುಗಿ ಬಂದರು, ಇನ್ನೊಬ್ಬರು ಈಗಲೂ ಅಪ್ಪನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅಪ್ಪನಿಗೆ ಅದರ ನೋವಿದೆ, ಅವರೂ ಅಪ್ಪನೂ ಜೊತೆಗೇ ಮಗ್ಗ ಕಲಿತವರು. ಆದರೆ ಫೋನು ಮಾಡಿದಾಗ ಅವನು ಹೇಳುವುದು ಹುಡುಗಿಯರ ಸುದ್ದಿಯನ್ನೇ: "ನಿನ್ನಿ ಮಳಿ ಅಂತ ಇಬ್ರು ತಾಲೀಮಿಗೆ ಬರಲೇ ಇಲ್ಲ ನೋಡು. ನೀ ಟೀಚರ್ ಅಲ್ಲಾ, ಈ ಸಲ ಬಂದಾಗ ಸ್ವಲ್ಪ ಬೈದು ಹೋಗು."