ಬೇಸ್ ಆಂಟಿ ಮತ್ತು ಅವರ ಐದು ಪೆಡಲುಗಳು

ಅವರ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು ನಿಂತಿತ್ತು. ಅದಕ್ಕೂ ಪಕ್ಕದ ಬೆರಳಿಗೂ ನಡುವೆ ಒಂದು ಸಣ್ಣ ಗುಂಡಿಯನ್ನು ಹಿಡಿದು ತಿರುಗಿಸುವಷ್ಟು ಜಾಗವಿತ್ತು. ವೇದಿಕೆ ಹತ್ತಿದ ಕೂಡಲೇ ಅವರು ಚಪ್ಪಲಿ ಬಿಟ್ಟು, ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ಸಿಕ್ಕಿಸಿ, ತಗ್ಗಿದ ದಪ್ಪ ದನಿಯ ಬೇಸ್ ಗಿಟಾರನ್ನು ಹೆಗಲಿಗೇರಿಸಿಕೊಳ್ಳುತ್ತಿದ್ದರು. ಮುಂದೆ ನೆಲದ ಮೇಲೆ ಒಂದು ಮರದ ಹಲಗೆ, ಅದರ ಮೇಲೆ ಸಾಲಾಗಿ ಐದು ಪೆಡಲುಗಳು. ಒಂದೊಂದೂ ಸಾಬೂನಿನ ಡಬ್ಬಿಯಷ್ಟೇ ದೊಡ್ಡದಾದ ಕಬ್ಬಿಣದ ಪೆಟ್ಟಿಗೆ. ಒಂದೊಂದೂ ಗಿಟಾರಿನ ದನಿಯನ್ನು ಒಂದೊಂದು ಬಗೆಯಲ್ಲಿ ಬದಲಿಸುವಂಥದ್ದು. ಅವರು ಪೆಡಲನ್ನು ಒತ್ತಿದಾಗ ಕಾಲುಂಗುರ ಕಬ್ಬಿಣಕ್ಕೆ ತಾಗಿ ಟಿಕ್ ಎನ್ನುತ್ತಿತ್ತು. ಕೈಗಳಿಗೆ ಬಿಡುವಿಲ್ಲದಿದ್ದಾಗ ಆ ಎರಡು ಬೆರಳುಗಳಲ್ಲೇ ಗುಂಡಿಯನ್ನು ಹಿಡಿದು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಮುಂದಿನ ಸಾಲಿನ ಮಕ್ಕಳು ಹಾಡುವವರನ್ನು ಬಿಟ್ಟು ಆ ಕಾಲನ್ನೇ ನೋಡುತ್ತ ಕೂತಿರುತ್ತಿದ್ದವು.

ಭದ್ರಾವತಿಯಲ್ಲಿ ಎಲ್ಲರೂ ಅವರನ್ನು ಬೇಸ್ ಆಂಟಿ ಎನ್ನುತ್ತಿದ್ದರು. ಅವರ ಗಂಡ ಕಾರ್ಖಾನೆಯಲ್ಲಿದ್ದವರು, ಜೊತೆಗೆ ಕೀಬೋರ್ಡ್ ನುಡಿಸುತ್ತ ಒಂದು ಆರ್ಕೆಸ್ಟ್ರಾ ನಡೆಸುತ್ತಿದ್ದರು. ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲೇ ತಾಲೀಮು. ವರ್ಷಗಟ್ಟಲೆ ಒಳಗಿನಿಂದ ಅದನ್ನು ಕೇಳುತ್ತಿದ್ದ ಆಂಟಿ, ಮನೆಯಲ್ಲಿ ಯಾರೂ ಇಲ್ಲದಾಗ ಬೇಸ್ ಎತ್ತಿಕೊಂಡು ಕಲಿತಿದ್ದರಂತೆ. ಒಂದು ಗಣಪತಿ ಹಬ್ಬದಲ್ಲಿ ಬೇಸ್ ನುಡಿಸುವವರು ಕೈಕೊಟ್ಟರು. "ನಾನು ನುಡಿಸ್ತೀನಿ ರೀ" ಎಂದು ಆಂಟಿ ನಿಂತರು. ಆಮೇಲೆ ಆ ಜಾಗ ಬೇರೆಯವರಿಗೆ ಸಿಗಲಿಲ್ಲ.

ನಾನು ಶಿವಮೊಗ್ಗದ ಹೊಸಮನೆಯವಳು. ಗಿಟಾರ್ ಒಂದು ಹದಕ್ಕೆ ಬಂದ ಮೇಲೆ ಎಫೆಕ್ಟ್ಸ್ ಕೊಳ್ಳುವ ಪ್ರಶ್ನೆ ಎದುರಾಯಿತು. ಬೇಕಾದ ಪೆಡಲುಗಳನ್ನು ಬಿಡಿಬಿಡಿಯಾಗಿ ಕೊಳ್ಳುವುದೋ, ಎಲ್ಲ ಬಗೆಯ ದನಿಯೂ ಒಂದರಲ್ಲೇ ತುಂಬಿರುವ ಮಲ್ಟಿ ಯೂನಿಟ್ ಕೊಳ್ಳುವುದೋ? ಇಂಟರ್ನೆಟ್ಟಿನಲ್ಲಿ ಅರ್ಧ ಜನ ಅದು ಎನ್ನುತ್ತಿದ್ದರು, ಅರ್ಧ ಜನ ಇದು. ಕೋಟೆ ರಸ್ತೆಯ ವಾದ್ಯದಂಗಡಿಯವರು ಮಾತ್ರ ನಿಜ ಹೇಳಿದರು. "ನಾನು ಮಾರೋನಮ್ಮ, ಎರಡೂ ಒಳ್ಳೇದು ಅಂತೀನಿ. ಭದ್ರಾವತೀಲಿ ಒಬ್ರು ಆಂಟಿ ಇದಾರೆ, ಅವ್ರನ್ನ ಕೇಳು."

ಹೋದ ದಿನ ಭಾನುವಾರ. ಒಂದು ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಎಡಗಡೆ ಬಿಡಿ ಪೆಡಲು, ಬಲಗಡೆ ಮಲ್ಟಿ ಎಂದು ಬರೆದು, ತೂಕ, ಬೆಲೆ, ರಿಪೇರಿ, ಕಲಿಯುವ ಕಷ್ಟ ಎಲ್ಲವನ್ನೂ ಹೋಲಿಸಿಕೊಂಡು ಹೋಗಿದ್ದೆ. ಆಂಟಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ ಒಳಗೆ ಕೂಗಿದರು: "ರೀ, ಬನ್ನಿ ಇಲ್ಲಿ! ಈ ಹುಡುಗಿ ಗಂಡು ನೋಡಕ್ಕೆ ಹೊರಟೋರ ಥರ ಗುಣ ದೋಷ ಎಲ್ಲಾ ಬರ್ಕೊಂಡ್ ಬಂದಿದಾಳೆ!"

ನನಗೆ ನಾಚಿಕೆಯಾಯಿತು.

"ನಿಂಗೆ ಯಾವ ಸೌಂಡ್ ಬೇಕು ಹೇಳು ಮಾರಾಯ್ತಿ."

"ಎಲ್ಲಾ ಥರದ್ದೂ ಆಂಟಿ."

"ಎಲ್ಲಾ ಥರದ್ದು ಅಂದ್ರೆ ಇನ್ನೂ ಯಾವ್ದೂ ಕಿವಿಗೆ ಬಿದ್ದಿಲ್ಲ ಅಂತ ಅರ್ಥ" ಎಂದು ಹಲಗೆಯಿಂದ ಒಂದು ಪೆಡಲನ್ನು ಕಿತ್ತು ನನ್ನ ಕೈಗಿಟ್ಟರು. "ಇದನ್ನ ತಗೊಂಡ್ ಹೋಗು. ವಾಪಸ್ ತಂದಾಗ ಇನ್ನೊಂದ್ ಕೊಡ್ತೀನಿ."

ಇದು ಅವರ ಕ್ರಮ. ಒಂದು ಸಲಕ್ಕೆ ಒಂದೇ ಪೆಡಲು. ಹಿಂದಿರುಗಿಸುವಾಗ ಅವರಿಗೆ ಬೆನ್ನು ಮಾಡಿ ಕೂರಬೇಕು. ಅವರು ನುಡಿಸುತ್ತಾರೆ, ಪೆಡಲು ಹಾಕಿದೆಯೋ ಇಲ್ಲವೋ, ಗುಂಡಿ ಎಷ್ಟು ತಿರುಗಿದೆ ಎಂದು ನಾವು ಹೇಳಬೇಕು. ತಪ್ಪಿದರೆ ಅದೇ ಪೆಡಲು ಮತ್ತೆ ನಮ್ಮ ಚೀಲಕ್ಕೆ. ಮೊದಲು ಕೊಟ್ಟದ್ದು ಕಂಪ್ರೆಸರ್. ಜೋರಾದ ಸ್ವರವನ್ನು ತಗ್ಗಿಸಿ, ಮೆಲುವಾದದ್ದನ್ನು ಎತ್ತಿ ಸಮ ಮಾಡುವುದು ಅದರ ಕೆಲಸ. ಒಂದು ವಾರ ಕಳೆದರೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಫೋನ್ ಮಾಡಿ, "ಇದು ಏನೂ ಮಾಡ್ತಾನೇ ಇಲ್ಲ ಆಂಟಿ" ಎಂದೆ.

"ಮಾಡ್ತಿದೆ ಕಣೇ. ಆನ್ ಮಾಡಿ ಏನ್ ಬಂತು ಅಂತ ಹುಡುಕ್ಬೇಡ. ಅರ್ಧ ಗಂಟೆ ನುಡಿಸ್ಬಿಟ್ಟು ಆಫ್ ಮಾಡು. ಏನ್ ಹೋಯ್ತು ಅಂತ ಕೇಳು."

ಹಾಗೆ ಮಾಡಿದಾಗ ಕೇಳಿಸಿತು. ಮೂರನೆಯ ಭಾನುವಾರ ಆ ಪೆಡಲಿನಲ್ಲಿ ಪಾಸಾದೆ. ಡೈರಿಯಲ್ಲಿ ಅದರ ಹೆಸರು ಬರೆದು, ಮುಗಿಯಿತೆಂದು ಕೆಳಗೆ ಒಂದು ಗೆರೆ ಎಳೆದೆ.

ಅಷ್ಟಾದರೂ ಕೊನೆಗೆ ನಾನು ಕೊಂಡದ್ದು ಮಲ್ಟಿ ಯೂನಿಟ್ಟನ್ನೇ. ಬಸ್ಸಿನಲ್ಲಿ ಓಡಾಡುವವಳಿಗೆ ಅದೇ ಸುಲಭವಾಗಿತ್ತು. ಹೇಳಲು ಹೆದರಿಕೊಂಡು ಹೋದರೆ ಆಂಟಿ, "ತಂದ್ಯಾ? ತೋರ್ಸು ತೋರ್ಸು" ಎಂದು ನೆಲದ ಮೇಲೆ ಕೂತೇಬಿಟ್ಟರು. ಒಂದೊಂದೇ ದನಿಯನ್ನು ತೆರೆದು ನೋಡಿದರು. "ರೀ, ಇದ್ರಲ್ಲಿ ಹೆಲಿಕಾಪ್ಟರ್ ಕೂಡಾ ಇದೆ!" ಎಂದು ಕೂಗಿದರು. ಅಂಕಲ್ ಅಡುಗೆಮನೆಯಿಂದಲೇ, "ಹತ್ಕೊಂಡ್ ಹೋಗ್ಬೇಡ ಮಾರಾಯ್ತಿ, ಸಾರು ಯಾರು ಮಾಡೋದು?" ಎಂದರು.

ಆ ವರ್ಷದ ಗಣಪತಿ ಕಾರ್ಯಕ್ರಮಕ್ಕೆ ನನ್ನನ್ನೂ ಕರೆದರು. ಹಾಡುಗಳ ಪಟ್ಟಿ ಮೊದಲೇ ಗೊತ್ತಿತ್ತು. ನನ್ನ ಸ್ವಭಾವದಂತೆ, ಯೂನಿಟ್ಟಿನಲ್ಲಿ ದನಿಗಳನ್ನು ಅದೇ ಕ್ರಮದಲ್ಲಿ ಜೋಡಿಸಿಟ್ಟೆ. ಹಾಡು ಮುಗಿದ ಮೇಲೆ ಒಮ್ಮೆ ಒತ್ತಿದರೆ ಮುಂದಿನ ಹಾಡಿನ ದನಿ ಸಿದ್ಧ. ಆದರೆ ಭದ್ರಾವತಿಯ ಆರ್ಕೆಸ್ಟ್ರಾದಲ್ಲಿ ಪಟ್ಟಿಗಿಂತ ಕೆಳಗಿನಿಂದ ಬರುವ ಚೀಟಿ ದೊಡ್ಡದು ಎಂಬುದು ನನಗೆ ಗೊತ್ತಿರಲಿಲ್ಲ. ಕಮಿಟಿಯವರೊಬ್ಬರು ಚೀಟಿ ಕಳಿಸಿದರು: ಈಗಲೇ ಒಂದು ಭಕ್ತಿಗೀತೆ ಆಗಬೇಕು. ಗಾಯಕಿ ಕಣ್ಣು ಮುಚ್ಚಿ ಕೈಮುಗಿದು ಎತ್ತಿಕೊಂಡರು. ನಾನು ಅಭ್ಯಾಸದಂತೆ ಯೂನಿಟ್ಟನ್ನು ಒತ್ತಿ ತಂತಿ ಮೀಟಿದೆ. ಪಟ್ಟಿಯ ಮುಂದಿನ ಹಾಡಿಗೆಂದು ಇಟ್ಟಿದ್ದ, ಲಾರಿಯ ಸೈಲೆನ್ಸರ್ ಒಡೆದಂಥ ಡಿಸ್ಟಾರ್ಷನ್ ಗಣಪತಿಯ ಮುಂದೆ ಗರ್ಜಿಸಿತು.

ಗಾಯಕಿಯ ಕಣ್ಣು ತೆರೆಯಿತು. ನನ್ನ ಕೈ ಅಲ್ಲೇ ನಿಂತಿತು. ಆಗ ಎಡಗಡೆಯಿಂದ ಟಿಕ್ ಎಂದಿತು. ಆಂಟಿ ತಮ್ಮ ಡಿಸ್ಟಾರ್ಷನ್ ಪೆಡಲನ್ನು ಒತ್ತಿ, ನನಗಿಂತ ಜೋರಾಗಿ ಬೇಸಿನಲ್ಲಿ ಗರ್ಜಿಸಿದರು. "ನುಡ್ಸೇ, ನಿಲ್ಲಿಸ್ಬೇಡ!" ಡ್ರಮ್ಸಿನವರು ನಕ್ಕು ಕೈ ಸೇರಿಸಿದರು. ಭಕ್ತಿಗೀತೆ ಅದೇ ಅಬ್ಬರದಲ್ಲಿ ಸಾಗಿತು. ಹುಡುಗರು ಸಿಳ್ಳೆ ಹೊಡೆದರು. ಇಳಿದ ಮೇಲೆ ಕಮಿಟಿಯ ಹಿರಿಯರು ಬಂದು, "ಏನಮ್ಮ, ನಮ್ ಗಣಪತಿ ಇಲಿ ಬಿಟ್ಟು ಬುಲೆಟ್ ಹತ್ತಿದಂಗಿತ್ತು" ಎಂದರು.

ಆಂಟಿ ನಗಲಿಲ್ಲ. "ಹೊಸ ಸ್ಟೈಲು ಸಾರ್, ತಾಲೀಮು ಮಾಡಿದ್ವಿ" ಎಂದರು. ಅವರು ಆ ಕಡೆ ಹೋದ ಮೇಲೆ ನನ್ನ ಬೆನ್ನಿಗೊಂದು ಗುದ್ದಿ, "ಒಬ್ಳು ತಪ್ಪಿದ್ರೆ ತಪ್ಪು ಕಣೇ, ಇಬ್ರು ತಪ್ಪಿದ್ರೆ ಮ್ಯೂಸಿಕ್ಕು" ಎಂದರು.

ಎರಡು ವರ್ಷ ಹೀಗೆ ಅವರ ಬಲಗಡೆ ನಿಂತು ನುಡಿಸಿದೆ.

ಆಮೇಲೆ ಒಂದು ಮದುವೆಯ ಕಾರ್ಯಕ್ರಮದಲ್ಲಿ ಅವರ ಬೇಸಿನ ದನಿ ಹಾಡಿನುದ್ದಕ್ಕೂ ಕೆದರಿಕೊಂಡೇ ಇತ್ತು. ಒಂದು ಪೆಡಲು ಆಫ್ ಆಗಿರಲಿಲ್ಲ. ಹಾಡು ಮುಗಿದ ಮೇಲೆ ಆಂಟಿ ಕೆಳಗೆ ನೋಡಿ, "ಒತ್ತಿದೆನಲ್ಲಾ" ಎಂದರು. ಒತ್ತಿರಲಿಲ್ಲ, ಒತ್ತಿದೆನೋ ಇಲ್ಲವೋ ಎಂಬುದೇ ಕಾಲಿಗೆ ತಿಳಿದಿರಲಿಲ್ಲ. ಸಕ್ಕರೆ ಕಾಯಿಲೆ ಪಾದಗಳ ಸ್ಪರ್ಶವನ್ನು ತಿಂದುಹಾಕಿತ್ತು. ಹಿಮ್ಮಡಿಯಲ್ಲಿ ಆದ ಗಾಯವೂ ಅವರಿಗೆ ಗೊತ್ತಾಗಿರಲಿಲ್ಲ. ಶಿವಮೊಗ್ಗದ ಡಾಕ್ಟರು ಇನ್ನು ಮುಂದೆ ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದು, ಹೆಚ್ಚು ಹೊತ್ತು ನಿಲ್ಲಬಾರದು ಎಂದರು. ದಪ್ಪ ಶೂ ಹಾಕಿಕೊಂಡು ಒತ್ತಿದರೆ ಒಟ್ಟಿಗೆ ಎರಡು ಪೆಡಲುಗಳು ಹತ್ತಿಕೊಳ್ಳುತ್ತಿದ್ದವು.

"ಸಾಕು ಬಿಡೇ. ಇಷ್ಟು ವರ್ಷ ನುಡಿಸಿದೀಯಲ್ಲ" ಎಂದರು ಅಂಕಲ್.

"ರಾಜ್ಯೋತ್ಸವ ಒಂದು ನುಡಿಸ್ತೀನಿ."

"ಹಂಗಾದ್ರೆ ಯಾವ ಪೆಡಲೂ ಬೇಡ. ಸುಮ್ನೆ ಒಂದೇ ಸೌಂಡಲ್ಲಿ ನುಡ್ಸು."

"ಒಂದೇ ಸೌಂಡ್ ಆದ್ರೆ ವೇದಿಕೆ ಮೇಲೆ ಮಿಕ್ಸಿ ಇಡ್ರಿ."

ಆ ಹಟಕ್ಕೆ ಒಂದು ಕಾರಣವಿತ್ತು. ಆರ್ಕೆಸ್ಟ್ರಾದ ರಾಜ್ಯೋತ್ಸವ ಕಾರ್ಯಕ್ರಮ ಪ್ರತಿವರ್ಷ ಒಂದೇ ಹಾಡಿನಿಂದ ಮುಗಿಯುತ್ತಿತ್ತು. ಅದರ ಕೊನೆಯಲ್ಲಿ ಎಲ್ಲರೂ ನುಡಿಸುವುದನ್ನು ನಿಲ್ಲಿಸುತ್ತಾರೆ; ಬೇಸ್ ಒಂದೇ ಉಳಿಯುತ್ತದೆ. ಆಂಟಿ ಒಂದು ದೀರ್ಘ ಸ್ವರವನ್ನು ಮೀಟಿ ಬಿಟ್ಟು, ಅದು ಮೊಳಗುತ್ತಿರುವಾಗಲೇ ಕೋರಸ್ ಪೆಡಲನ್ನು ಒತ್ತುತ್ತಿದ್ದರು. ಕೋರಸ್ ಒಂದು ಸ್ವರವನ್ನು ಎರಡಾಗಿ ಕೇಳಿಸುವ ಪೆಡಲು. ಒಬ್ಬಳೇ ನಿಂತಿದ್ದವಳ ಪಕ್ಕದಲ್ಲಿ ಇನ್ನೊಬ್ಬಳು ಬಂದು ನಿಂತಂತೆ ಆಗುತ್ತಿತ್ತು. ಸದಾ ಗಲಾಟೆಯ ಭದ್ರಾವತಿಯ ಮೈದಾನ ಆ ಹೊತ್ತಿಗೆ ಸುಮ್ಮನಾಗುತ್ತಿತ್ತು. ಅದನ್ನು ಇನ್ನೊಂದು ಸಲ ನುಡಿಸಬೇಕು ಎಂಬುದೇ ಅವರ ಆಸೆಯಾಗಿತ್ತು.

"ನಿನ್ನ ಹೆಲಿಕಾಪ್ಟರ್ ಡಬ್ಬಿ ತಗೊಂಡ್ ಬಾ" ಎಂದರು ನನಗೆ. "ನನ್ನ ಐದನ್ನೂ ಅದ್ರೊಳಗೆ ತುಂಬು. ಅದ್ರ ಸ್ವಿಚ್ಚು ದೊಡ್ಡದು, ಶೂನಲ್ಲೂ ಒತ್ತಬೋದು."

ನಾಲ್ಕು ಭಾನುವಾರ ಕೂತೆವು. ಮೊದಲು ಅವರ ಪೆಡಲು, ಆಮೇಲೆ ನನ್ನ ಯೂನಿಟ್ಟು, ಮತ್ತೆ ಪೆಡಲು. ಈ ಸಲ ಬೆನ್ನು ಮಾಡಿ ಕೂತವರು ಅವರು. "ತುಂಬಾ ನೀಟಾಯ್ತು, ಸ್ವಲ್ಪ ಕೊಳೆ ಮಾಡು" ಎನ್ನುತ್ತಿದ್ದರು. ನಾನು ಅಂಕಿಗಳನ್ನು ಬರೆದುಕೊಂಡು, ಒಂದೊಂದೇ ಏರಿಸಿ ಇಳಿಸಿ ಕೊನೆಗೆ ಎಲ್ಲ ದನಿಗಳನ್ನೂ ಹತ್ತಿರಕ್ಕೆ ತಂದೆ. ಒಂದು ಮಾತ್ರ ಆಗಲಿಲ್ಲ. ನನ್ನದು ಅಗ್ಗದ ಯೂನಿಟ್ಟು. ಒಂದು ದನಿಯಿಂದ ಇನ್ನೊಂದಕ್ಕೆ ದಾಟುವಾಗ ರೆಪ್ಪೆ ಮಿಟುಕಿಸುವಷ್ಟು ಹೊತ್ತು ಸದ್ದು ನಿಂತುಹೋಗುತ್ತಿತ್ತು. ಹಾಡಿನ ನಡುವೆ ಅದು ತಿಳಿಯುತ್ತಿರಲಿಲ್ಲ. ಆ ಕೊನೆಯ ಒಂಟಿ ಸ್ವರದಲ್ಲಿ ಎದ್ದು ಕೇಳಿಸಿತು.

"ಅಯ್ಯೋ, ಬಿಕ್ಕಳಿಕೆ ಬಂತಲ್ಲೇ ಇದಕ್ಕೆ!" ಎಂದರು ಆಂಟಿ.

"ಅಷ್ಟು ಯಾರಿಗ್ ಕೇಳ್ಸತ್ತೆ? ಕೆಳಗೆ ಪಟಾಕಿ ಹೊಡೀತಿರ್ತಾರೆ" ಎಂದರು ಅಂಕಲ್.

"ನಂಗ್ ಕೇಳ್ಸತ್ತೆ ರೀ."

ಮತ್ತೆ ಮತ್ತೆ ಮಾಡಿ ನೋಡಿದೆವು. ಪ್ರತಿ ಸಲವೂ ಬಿಕ್ಕಳಿಕೆ. ಆಂಟಿ ಬೇಸನ್ನು ಮಡಿಲಿನಿಂದ ಇಳಿಸಿ, ಶೂಗಳನ್ನು ನೋಡಿಕೊಂಡರು. ಬಿಟ್ಟೇಬಿಡುತ್ತಾರೆ ಎಂದುಕೊಂಡೆ. ಅವರು ತಲೆ ಎತ್ತಿ ಕೇಳಿದರು: "ರಾಜ್ಯೋತ್ಸವದಲ್ಲಿ ನಿಂಗೆ ಎಷ್ಟು ಸೌಂಡ್ ಬೇಕು?"

"ಒಂದರಲ್ಲೇ ಸುಧಾರಿಸ್ಬೋದು ಆಂಟಿ."

"ಹಂಗಾದ್ರೆ ನಿನ್ನ ಡಬ್ಬಿ ಒಂದರಲ್ಲೇ ಇರ್ಲಿ. ನಿನ್ನ ಕಾಲು ನಂಗೆ ಕೊಡು."

ಹೀಗೆ ಹಲಗೆ ಅವರ ಮುಂದಿನಿಂದ ನನ್ನ ಮುಂದಕ್ಕೆ ಬಂತು. ಅವರ ಬೇಸಿನ ವೈರು ನನ್ನ ಪಾದದ ಕೆಳಗಿನ ಪೆಡಲುಗಳನ್ನು ಹಾದು ಆಂಪ್ಲಿಫೈಯರಿಗೆ ಹೋಗುತ್ತಿತ್ತು. ಅವರು ಕುರ್ಚಿಯಲ್ಲಿ ಕೂತು ನುಡಿಸುವುದು, ಗದ್ದ ಸ್ವಲ್ಪ ಎತ್ತಿ ಸನ್ನೆ ಮಾಡುವುದು, ನಾನು ಗಿಟಾರ್ ನುಡಿಸುತ್ತಲೇ ಅವರ ಪೆಡಲನ್ನು ಒತ್ತುವುದು. ಚಪ್ಪಲಿ ಬಿಟ್ಟೇ ಒತ್ತಬೇಕು ಎಂದರು. ಮೊದಮೊದಲು ಬೈಸಿಕೊಂಡೆ. "ನಾನ್ ಹೇಳೋಕ್ ಮುಂಚೆ ಒತ್ತಬೇಡ. ಹೇಳಾದ್ಮೇಲೂ ಒತ್ತಬೇಡ. ಹೇಳ್ವಾಗ ಒತ್ತು." ಅದು ಹೇಗೆ ಸಾಧ್ಯ ಎಂದು ಕೇಳಿದ್ದಕ್ಕೆ, "ನನ್ನ ಗದ್ದ ನೋಡ್ಬೇಡ ಕಣೇ, ಉಸಿರು ನೋಡು" ಎಂದರು. ಒತ್ತುವ ಮುನ್ನ ಅವರು ಉಸಿರನ್ನು ಒಳಗೆಳೆದುಕೊಳ್ಳುತ್ತಿದ್ದುದನ್ನು ನಾನು ಅದುವರೆಗೆ ಗಮನಿಸಿರಲಿಲ್ಲ.

ರಾಜ್ಯೋತ್ಸವದ ಸಂಜೆ ಅವರು ಹಳದಿ ಸೀರೆ ಉಟ್ಟು ಕೆಂಪು ರವಿಕೆ ತೊಟ್ಟಿದ್ದರು, ಕೆಳಗೆ ಕಪ್ಪು ಶೂ. "ಟ್ರಾಫಿಕ್ ಪೊಲೀಸ್ ಥರ ಇದೀನಾ?" ಎಂದು ಕೇಳಿದರು. ಇಡೀ ಕಾರ್ಯಕ್ರಮದಲ್ಲಿ ಒಂದು ಸಲ ಬೇಗ ಒತ್ತಿದೆ, ಒಂದು ಸಲ ತಡವಾಗಿ. ಎರಡು ಸಲವೂ ನನ್ನ ಕಡೆ ತಿರುಗಿ ಕಣ್ಣು ಬಿಟ್ಟರು. ಕೊನೆಯ ಹಾಡು ಬಂತು. ಎಲ್ಲರೂ ನಿಂತರು. ಆಂಟಿ ಸ್ವರವನ್ನು ಮೀಟಿ ಬಿಟ್ಟರು. ಅದು ಮೈದಾನದ ಆಚೆಗಿನ ಕ್ವಾರ್ಟರ್ಸಿನವರೆಗೂ ಹೋಗುತ್ತಿದೆ ಎನ್ನಿಸಿತು. ನಾನು ಗದ್ದವನ್ನು ನೋಡಲಿಲ್ಲ. ಅವರು ಉಸಿರೆಳೆದರು, ನಾನೂ ಎಳೆದೆ, ಕಾಲು ತಾನೇ ಒತ್ತಿತು. ಸ್ವರ ಎಲ್ಲೂ ತುಂಡಾಗದೆ ಎರಡಾಯಿತು. ಅಂಕಲ್ ಕೀಬೋರ್ಡಿನ ಮೇಲೆ ಕೈಯಿಟ್ಟು ಸುಮ್ಮನೆ ಹೆಂಡತಿಯನ್ನು ನೋಡುತ್ತ ನಿಂತಿದ್ದರು.

ಅದೇ ಅವರ ಕೊನೆಯ ಕಾರ್ಯಕ್ರಮ. ಸಂಕ್ರಾಂತಿ ಕಳೆದ ಮೇಲೆ ಕಾಲಿನ ಗಾಯ ಮತ್ತೆ ಕೆಟ್ಟಿತು, ಆಮೇಲೆ ಮೂತ್ರಪಿಂಡ. ಆಸ್ಪತ್ರೆ ನಮ್ಮ ಶಿವಮೊಗ್ಗದಲ್ಲೇ ಇದ್ದುದರಿಂದ ದಿನವೂ ಸಂಜೆ ಹೋಗುತ್ತಿದ್ದೆ. ಒಂದು ದಿನ ಕೇಳಿದರು: "ಹೊಸದೇನಾದ್ರೂ ತಗೊಂಡ್ಯೇನೇ?"

"ಒಂದು ಡಿಲೇ ಪೆಡಲ್ ನೋಡಿದೀನಿ ಆಂಟಿ, ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುತ್ತೆ."

"ಯಾರ ಹತ್ರನಾದ್ರೂ ಕೇಳಿ ಇಸ್ಕೊಂಡು ನುಡಿಸ್ ನೋಡು ಮೊದ್ಲು. ಆಮೇಲೆ ತಗೋ" ಎಂದರು. ಯುಗಾದಿಗೆ ಮುಂಚೆ ಹೋಗಿಬಿಟ್ಟರು.

ಹಲಗೆ ಈಗಲೂ ಅಂಕಲ್ ಮನೆಯಲ್ಲಿದೆ. ಕೇಳಿದರೆ ಕೊಡುತ್ತಾರೆ, ನಾನು ಕೇಳಿಲ್ಲ. ಆರ್ಕೆಸ್ಟ್ರಾಕ್ಕೆ ಹೊಸ ಬೇಸ್ ವಾದಕರು ಬಂದಿದ್ದಾರೆ. ಒಳ್ಳೆಯ ಕೈ, ಒಳ್ಳೆಯ ಮಲ್ಟಿ ಯೂನಿಟ್ಟು. ದನಿ ಬದಲಿಸಿದರೆ ಒಂದಿಷ್ಟೂ ಬಿಕ್ಕುವುದಿಲ್ಲ. ಈ ಸಲದ ರಾಜ್ಯೋತ್ಸವದಲ್ಲಿ ನಾನು ಅವರ ಬಲಗಡೆ ನಿಂತಿದ್ದೆ. ಕೊನೆಯ ಹಾಡಿನ ಕೊನೆಗೆ ಎಲ್ಲರೂ ನಿಂತೆವು. ಅವರು ಆ ದೀರ್ಘ ಸ್ವರವನ್ನು ಮೀಟಿದರು, ಚೆನ್ನಾಗಿಯೇ ಮೀಟಿದರು. ನನ್ನ ಉಸಿರು ಒಳಗೆ ಹೋಗಿತ್ತು, ಬಲಗಾಲು ನೆಲ ಬಿಟ್ಟಿತ್ತು. ಎಡಕ್ಕೆ ನೋಡಿದೆ. ಅಲ್ಲಿ ಕೋರಸ್ ಬರಬೇಕೆಂದು ಗೊತ್ತಿಲ್ಲದ ಅವರು ತಮ್ಮ ತಂತಿಗಳನ್ನು ನೋಡುತ್ತಿದ್ದರು. ನನ್ನ ಕಾಲ ಕೆಳಗೆ ಹಲಗೆಯಿರಲಿಲ್ಲ, ಬರೀ ಜಮಖಾನ. ಸ್ವರ ಒಂದಾಗಿಯೇ ಮೊಳಗಿ, ಒಂದಾಗಿಯೇ ಮುಗಿಯಿತು.