ಅರ್ಧ ಮಾತ್ರೆಯ ಚೌಕಾಸಿ

ನಾನು ಮಾಡಿದ ಒಂದು ಚೌಕಾಸಿಗೆ ಆರು ವರ್ಷದ ಮಗಳು ಒಂಬತ್ತು ದಿನ ತುಮಕೂರಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಚೌಕಾಸಿ ಮಾಡಿದ್ದು ದುಡ್ಡಿಗಲ್ಲ, ಮಾತ್ರೆಗೆ.

ಅವಳ ಕಿಡ್ನಿ ಮೂತ್ರದಲ್ಲಿ ಪ್ರೋಟೀನ್ ಸೋರಿಸುತ್ತಿತ್ತು. ಸ್ಟೀರಾಯ್ಡ್ ಮಾತ್ರೆ ಶುರುಮಾಡಿದ ಮೇಲೆ ಸೋರುವುದು ನಿಂತಿತು, ಮೈಯ ಊತ ಇಳಿಯಿತು. ಆದರೆ ತಿಂಗಳು ಕಳೆಯುವುದರಲ್ಲಿ ಕೆನ್ನೆ ಉಬ್ಬಿ ಮುಖ ದುಂಡಗಾಯಿತು. ಮುದ್ದೆ ಉಂಡು ಕೈ ತೊಳೆಯುವ ಮುಂಚೆಯೇ ‘ಹಸಿವು’ ಅನ್ನುವಳು. ಇಲ್ಲವೆಂದರೆ ತಟ್ಟೆ ಎಸೆಯುವಳು. ಸ್ಕೂಲಲ್ಲಿ ಮಕ್ಕಳು ‘ಗುಂಡಮ್ಮ’ ಅಂದರಂತೆ. ಒಂದು ದಿನ ಬಾಗಿಲ ಚಿಲಕ ಹಿಡಿದು ನಿಂತವಳು ಸ್ಕೂಲಿಗೆ ಹೋಗಲೇ ಇಲ್ಲ.

ನನ್ನದು ಕೊಬ್ಬರಿ ವ್ಯಾಪಾರ. ಶೆಟ್ಟಿಕೆರೆ, ಕಂದಿಕೆರೆ ಕಡೆ ತೋಟದ ಮನೆಗಳ ಅಟ್ಟ ಹತ್ತಿ, ಕಾಯಿ ಅಲ್ಲಾಡಿಸಿ, ಒಡೆಯದೆಯೇ ಒಳಗು ಒಣಗಿದೆಯೋ ಇಲ್ಲವೋ ಹೇಳುವವನು. ಮಗಳ ವಿಷಯದಲ್ಲೂ ಅದೇ ಧೈರ್ಯ. ಪ್ರೋಟೀನ್ ನೋಡಲು ದಿನಾ ಮೂತ್ರದಲ್ಲಿ ಅದ್ದುವ ಪಟ್ಟಿ ವಾರಗಟ್ಟಲೆ ಹಳದಿಯೇ, ಅಂದರೆ ಸೋರಿಕೆ ಇಲ್ಲವೆಂದೇ, ಬರುತ್ತಿತ್ತಲ್ಲ, ‘ದಿನಾ ಅದ್ದೋದು ಸಾಕು ಬುಡು’ ಅಂದೆ ಹೆಂಡತಿಗೆ. ಮಗಳ ಮುಖ ಮೊದಲಿನಂತಾಗಲಿ ಅಂತ ಅವಳಿಗೆ ಹೇಳದೆ ಮಾತ್ರೆಯನ್ನು ಅರ್ಧಕ್ಕಿಳಿಸಿದೆ. ನಾಲ್ಕು ದಿನ ಬಿಟ್ಟು ಪೂರ್ತಿ ನಿಲ್ಲಿಸಿದೆ.

ಮುಂದಿನ ವಾರ ಒಂದು ಬೆಳಿಗ್ಗೆ ಮಗಳ ರೆಪ್ಪೆ ಊದಿತ್ತು.

‘ಮಾತ್ರೆ ಊತ ಕಣೇ, ಇಳಿಯುತ್ತೆ’ ಅಂದೆ.

ಹೆಂಡತಿ ಮಗಳ ಮೊಣಕಾಲ ಕೆಳಗೆ ಬೆರಳೊತ್ತಿದಳು. ಗುಳಿ ಬಿತ್ತು, ಬೆರಳು ತೆಗೆದರೂ ಹಾಗೇ ಇತ್ತು. ಪಟ್ಟಿ ಅದ್ದಿದಳು. ಕಡು ಹಸಿರು, ಮತ್ತೆ ಸೋರುತ್ತಿತ್ತು. ಅಷ್ಟರಲ್ಲಿ ಮಗು ವಾಂತಿ ಮಾಡಿಕೊಂಡು ಅವಳ ತೋಳಿನ ಮೇಲೆ ಜೋತುಬಿತ್ತು.

‘ಏನ್ ಮಾಡಿದ್ರಿ? ನಿಜ ಹೇಳ್ರಿ.’

ಹೇಳಿದೆ.

‘ಇವ್ಳೇನು ಅಟ್ಟದ ಮೇಲಿನ ಕಾಯೇನ್ರೀ?’ ಅಂದವಳು ಮಗುವನ್ನೆತ್ತಿಕೊಂಡು ಗಾಡಿಯ ಹಿಂದಿನ ಸೀಟಿಗೆ ಹತ್ತಿದಳು. ತುಮಕೂರು ಮುಟ್ಟುವವರೆಗೂ ನಾನು ಗಾಡಿ ಓಡಿಸುತ್ತ ಕನ್ನಡಿಯಲ್ಲಿ ಮಗಳ ಕಣ್ಣು ತೆರೆದಿದೆಯಾ ಅಂತಲೇ ನೋಡುತ್ತಿದ್ದೆ.

ಡ್ರಿಪ್ ಹಾಕಿಸಿದ ಮೇಲೆ ಡಾಕ್ಟರು ಕರೆದರು. ‘ತಿಂಗಳುಗಟ್ಟಲೆ ಕೊಟ್ಟಿದ್ದನ್ನ ದಿಢೀರ್ ನಿಲ್ಸಿದ್ರೆ ಮೈ ತಡೆಯಲ್ಲ ಕಣ್ರೀ. ಮುಖದ ಕಷ್ಟ ನನಗೆ ಹೇಳಿದ್ರೆ ಬೇರೆ ಔಷಧ ಸೇರಿಸಿ ಇದನ್ನ ಮೆಲ್ಲಗೆ ಇಳಿಸ್ತಿದ್ದೆ.’ ಈಗ ಹಾಗೇ ಇಳಿಸುತ್ತಿದ್ದಾರೆ. ಕೆನ್ನೆ ಇನ್ನೂ ದುಂಡಗಿದೆ.

ನಿಮ್ಮ ಮನೇಲೂ ಇಂಥ ಮಗುವಿದ್ದರೆ ಕೇಳಿ. ಎಷ್ಟು ದಿನ, ಯಾಕೆ, ಕಡಿಮೆ ಮಾಡೋಕೆ ದಾರಿಯಿದೆಯಾ ಅಂತ ಡಾಕ್ಟರ ಎದುರು ಕೂತು ಬಾಯಿಬಿಟ್ಟು ಕೇಳಿ. ಅವರು ಗದರಿದರೆ ಗದರಲಿ. ಪಟ್ಟಿ ಹಳದಿ ಬಂದ ದಿನವೂ ಪುಸ್ತಕದಲ್ಲಿ ಬರೆದಿಡಿ. ಮುಖ ಯಾಕೆ ಹೀಗಾಗಿದೆ ಅಂತ ಟೀಚರಿಗೆ ನೀವೇ ಹೋಗಿ ಹೇಳಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅದೂ ದಿಢೀರ್ ನಿಲ್ಲಿಸಿದಂತೆಯೇ; ನಾಳೆ ನೋಡೋಣ ಅನ್ನಬೇಡಿ, ಆಗಲೇ ಹೊರಡಿ.