ವೈನಿ ನುಂಗಿದ ಗುಳಿಗೆ

ಅಣ್ಣ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತರೆ ಬೇಗ ಏಳುತ್ತಿರಲಿಲ್ಲ. ಎದ್ದ ಮೇಲೆ ಅದೇ ಕೈಯಿಂದ ಹೆಂಡತಿಯನ್ನು, ನನ್ನ ವೈನಿಯನ್ನು, ಹೊಡೆಯುತ್ತಿದ್ದ. ತೊಂಬತ್ತರ ದಶಕದ ಕೊನೆ. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನಮ್ಮ ಮನೆ, ಅಣ್ಣನದು ಹತ್ತಿಯ ವ್ಯಾಪಾರ. ನಾನು ಅವನ ತಂಗಿ, ಧಾರವಾಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ ಸಪ್ತಾಪುರದಲ್ಲಿ ಬಾಡಿಗೆಗಿದ್ದೆ. ರವಿವಾರ ಮಾತ್ರ ಮನೆಗೆ ಹೋಗುತ್ತಿದ್ದೆ.

ಆ ವರ್ಷ ವೈನಿ ಹಾಸಿಗೆ ಹಿಡಿದಳು. ತಲೆ ಬಾಚುವುದಿಲ್ಲ, ಉಣ್ಣುವುದಿಲ್ಲ. ಅಣ್ಣನ ಸ್ಕೂಟರ್ ಸಪ್ಪಳ ಕೇಳಿದರೆ ಕೈ ನಡುಗುತ್ತಿತ್ತು. ಅದು ಮೈಗಳ್ಳತನವೆಂದು ಅಣ್ಣ ಇನ್ನಷ್ಟು ಬಡಿದ. ಒಂದು ರವಿವಾರ ಹೆರಳು ಹಿಡಿದು ಹಿತ್ತಲಿಗೆ ಎಳೆದು, ಬಟ್ಟೆ ಒಗೆಯುವ ಕಲ್ಲಿಗೆ ತಲೆ ಜಜ್ಜಿದ. ಬಿಡಿಸಲು ಹೋದ ನನ್ನನ್ನೂ ನೂಕಿದ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಿಮ್ಮ ಧಾರವಾಡದಾಗ ಹುಚ್ಚರ ಡಾಕ್ಟರ್ ಅದಾರಲ್ಲ, ಕರ್ಕೊಂಡ ಹೋಗು. ರೊಟ್ಟಿ ಬಡಿಯೂಹಂಗ ಮಾಡಿ ಕಳಸು," ಅಂದ ಅಣ್ಣ.

ಡಾಕ್ಟರ್ ಗುಳಿಗೆ ಬರೆದರು. ಬಸ್ಸಿನಲ್ಲಿ ವೈನಿಗೆ ತಿಳಿಸಿ ಹೇಳಿದೆ: ಮೆದುಳಿನ ಒಂದು ನರಕೋಶ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಪಕ್ಕದ ಕೋಶದತ್ತ ಬಿಡುತ್ತದೆ, ಆಮೇಲೆ ತಾನೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಈ ಗುಳಿಗೆ ಆ ಎಳೆತ ತಡೆಯುತ್ತದೆ. ಗುಣ ಕಾಣಲು ವಾರಗಳೇ ಬೇಕು.

"ಹೊಡೆತಾನೂ ತಡೀತೈತೇನ್ರಿ?" ಅಂದಳು ವೈನಿ. ನನಗೆ ಮೈಯೆಲ್ಲ ಉರಿಯಿತು.

ಮೊದಲು ಬರೀ ಹೊಟ್ಟೆ ತೊಳಸುವುದು, ಚಡಪಡಿಕೆ. ತಿಂಗಳು ಕಳೆದ ಮೇಲೆ ನಿದ್ದೆ ಬಂತು, ಹಸಿವಾಯಿತು, ಕೈ ನಡುಕ ನಿಂತಿತು. ಮತ್ತೆ ರೊಟ್ಟಿ ಬಡಿಯತೊಡಗಿದಳು. ಗುಳಿಗೆ ಛಲೋ ಐತಿ ಅಂತ ಅಣ್ಣ ಬೀಗರಿಗೆಲ್ಲ ಹೇಳಿಕೊಂಡು ತಿರುಗಿದ.

ಮುಂದೊಂದು ರವಿವಾರ ಪಲ್ಯದಲ್ಲಿ ಉಪ್ಪು ಹೆಚ್ಚಾಗಿತ್ತು. ಅಣ್ಣ ತಾಟನ್ನು ಅವಳ ಮುಖಕ್ಕೆ ಬೀಸಿ ಒಗೆದು ಹೆರಳಿಗೆ ಕೈ ಹಾಕಿದ. ವೈನಿ ಒಲೆಯ ಮೇಲೆ ಕಾದಿದ್ದ ರೊಟ್ಟಿಯ ಹಂಚನ್ನು ಇಕ್ಕಳದಿಂದ ಎತ್ತಿ ಅವನ ಮುಂಗೈಗೆ ಒತ್ತಿದಳು. ಚರ್ಮ ಸುಟ್ಟ ವಾಸನೆ ಅಡಿಗೆಮನೆ ತುಂಬ.

"ಇನ್ನೊಮ್ಮೆ ಕೈ ಎತ್ರಿ. ಮಾರಿಗೆ ಹಚ್ತೇನಿ." ಆಗಲೂ ಗಂಡನಿಗೆ ಬಹುವಚನ! ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಜೊತೆಗೆ ಇವಳನ್ನು ಇವತ್ತು ಕೊಂದೇ ಬಿಡುತ್ತಾನೆ ಎಂದು ಜೀವ ಬಾಯಿಗೆ ಬಂತು. ಅಣ್ಣ ಕೊಲ್ಲಲಿಲ್ಲ. ಕೈಗೆ ಪಟ್ಟಿ ಕಟ್ಟಿಸಿಕೊಂಡು ನೇರ ಧಾರವಾಡಕ್ಕೆ, ಡಾಕ್ಟರ್ ಮನೆಗೇ ಹೋದ, ನಾನೂ ಬೆನ್ನಿಗೆ ಹೋದೆ.

"ಎಂಥಾ ಗುಳಿಗಿ ಕೊಟ್ಟೀರಿ? ಬಂದ್ ಮಾಡ್ರಿ!"

"ನಿದ್ದಿ ಬರ್ಲಿ, ಅಂಜಿಕಿ ಕಡಿಮಿ ಆಗ್ಲಿ ಅಂತ ಕೊಟ್ಟೇನ್ರಿ. ಸಿಟ್ಟು ಅವರದ," ಅಂದರು ಡಾಕ್ಟರ್. "ಒಮ್ಮೆಲೆ ಬಿಡಿಸಬ್ಯಾಡ್ರಿ, ತ್ರಾಸ ಆಗ್ತೈತಿ."

ಮನೆಗೆ ಬಂದವನೇ ಇದ್ದಬಿದ್ದ ಗುಳಿಗೆಯನ್ನೆಲ್ಲ ಗಟಾರಿಗೆ ಚೆಲ್ಲಿದ. ನಾನು ಹೋಗಿ ಬೇರೆ ತಂದೆ. ವೈನಿ ಅವನೆದುರೇ ನುಂಗಿ ನೀರು ಕುಡಿದಳು. ಅಣ್ಣ ಎದ್ದು ನಿಂತ, ಹಂಚಿನ ಕಡೆ ನೋಡಿದ, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ.

ಆಗ ಅವ್ವ ನನ್ನನ್ನು ದೇವರ ಕೋಣೆಗೆ ಕರೆದಳು. ಅಪ್ಪ ಮುರಿದಿದ್ದ ಅವಳ ಎಡಗೈ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತ್ತು. ಬಾಗಿಲು ಮುಂದೆ ಮಾಡಿ, ಸಣ್ಣ ದನಿಯಲ್ಲಿ ಕೇಳಿದಳು:

"ಈ ಗುಳಿಗಿ ನಿಮ್ಮಪ್ಪ ಇದ್ದಾಗ ಸಿಗ್ತಿತ್ತೇನವಾ?"